ಮೀನು ಸಿಗದ ಬೆಳಿಗ್ಗೆ ಬಲೆ ತೊಳೆಯುವುದು

ಕೆಲಸವಿಲ್ಲದ ದಿನವೂ ನಮ್ಮ ಪ್ರೆಸ್ಸಿನ ಮೇಸ್ತ್ರಿ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಹಾಜರಾಗುತ್ತಿದ್ದರು. ಬಂದವರೇ ಶರ್ಟ್ ಕಳಚಿ ಮೊಳೆಗೆ ತೂಗುಹಾಕಿ, ಎಣ್ಣೆಯ ಕ್ಯಾನ್ ಹಿಡಿದು ಆಫ್‌ಸೆಟ್ ಮೆಷಿನ್ನಿನ ಸುತ್ತ ಒಂದು ಸುತ್ತು ಹಾಕುವರು. ಆಮೇಲೆ ರೋಲರಿಗೆ ಬೆರಳಗಲ ಇಂಕ್ ಸವರಿ ಸ್ವಿಚ್ ಒತ್ತುವರು. ಪ್ಲೇಟ್ ಇಲ್ಲ, ಪೇಪರ್ ಇಲ್ಲ. ಮೆಷಿನ್ ಸುಮ್ಮನೆ ಹತ್ತು ನಿಮಿಷ ಓಡುತ್ತಿತ್ತು. ಅದಾದ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ರೋಲರನ್ನು ಒರೆಸಿ, ಬೆರಳಲ್ಲಿ ಮುಟ್ಟಿ ನೋಡಿ, ಬಟ್ಟೆಯನ್ನು ಮಡಚಿ ಡಬ್ಬದ ಮೇಲೆ ಇಡುತ್ತಿದ್ದರು. ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಒಂದು ದಿನ ತಡೆಯಲಾರದೆ ಕೇಳಿದೆ. "ಯಾಕೆ ಮೇಸ್ತ್ರಿಗಳೇ ಇದೆಲ್ಲ? ಕರೆಂಟೂ ದಂಡ, ಇಂಕೂ ದಂಡ."

"ನಿಂತ ಮೆಷಿನ್ನಿಗೆ ರೋಲರ್ ಒಂದೇ ಕಡೆ ಒತ್ತಿಕೊಂಡು ತಗ್ಗು ಬೀಳುತ್ತೆ ಸಾರ್. ನಾಳೆ ಕೆಲಸ ಬಂದಾಗ ಅಚ್ಚಿನಲ್ಲಿ ಪಟ್ಟೆ ಮೂಡುತ್ತೆ. ರೋಲರ್ ಬದಲಾಯಿಸೋದು ಇದಕ್ಕಿಂತ ದೊಡ್ಡ ದಂಡ."

ಕೆಲಸ ಬಂದಾಗ, ಅಂದರು. ನಾನಾಗಿದ್ದರೆ ಬಂದರೆ ಎನ್ನುತ್ತಿದ್ದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಎರಡು ಪದಗಳ ನಡುವಿನ ಅಂತರ ತಲೆಯಲ್ಲಿ ಸುತ್ತುತ್ತಿತ್ತು. ಚರ್ಚಿನ ಸಭೆಯಲ್ಲಿ ಎದ್ದು ನಿಂತು ಪ್ರಾರ್ಥನೆ ಮಾಡುವವನು ನಾನು. ಮೇಸ್ತ್ರಿ ಪ್ರಾರ್ಥನೆಯ ಮಾತನ್ನೇ ಎತ್ತುವವರಲ್ಲ. ಆದರೂ ನಂಬಿಕೆಯ ವ್ಯಾಕರಣ ಅವರ ಬಾಯಲ್ಲಿ ಸರಿಯಾಗಿತ್ತು, ನನ್ನ ಬಾಯಲ್ಲಿ ತಪ್ಪಿತ್ತು.

ನಮ್ಮದು ಚಿಕ್ಕ ಪ್ರೆಸ್. ಬಿಲ್ ಬುಕ್, ಕರಪತ್ರ, ಆಮಂತ್ರಣ, ಆಗೊಮ್ಮೆ ಈಗೊಮ್ಮೆ ಪುಸ್ತಕ. ಎರಡು ಹೊಡೆತ ಒಟ್ಟಿಗೇ ಬಿದ್ದವು. ಆಮಂತ್ರಣಗಳು ಒಂದೊಂದಾಗಿ ಫೋನಿನೊಳಗೆ ಹೋಗಿಬಿಟ್ಟವು, ಅದು ಯಾರ ತಪ್ಪೂ ಅಲ್ಲ. ನಮ್ಮ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬನೇ ಗಿರಾಕಿಯಿಂದ ಬರುತ್ತಿತ್ತು. ಆತ ಉದ್ರಿಯ ಮೇಲೆ ಉದ್ರಿ ಬೆಳೆಸಿ, ಕೊನೆಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದ. ದೊಡ್ಡ ಗಿರಾಕಿ ಸಿಕ್ಕಿದ ದಿನ ನಾನೇ ಸಭೆಯಲ್ಲಿ ಸಾಕ್ಷಿ ಹೇಳಿದ್ದೆ, ದೇವರು ಬಾಗಿಲು ತೆರೆದ ಎಂದು. ಆ ಬಾಗಿಲ ಹಿಂದೆ ಏನಿದೆ ಎಂದು ಇಣುಕಿ ನೋಡುವ ಕೆಲಸವನ್ನೂ ದೇವರಿಗೇ ಬಿಟ್ಟಿದ್ದೆ.

ವ್ಯಾಪಾರ ಕುಸಿಯುವಾಗ ಸದ್ದಾಗುವುದಿಲ್ಲ. ಪೇಪರ್ ಕೊಟ್ಟವರ ಫೋನ್ ಬಂದರೆ ಮೊದಮೊದಲು ಎತ್ತಿ ಮಾತಾಡುತ್ತೀರಿ. ಆಮೇಲೆ ಎರಡನೇ ಸಲ ಬಂದಾಗ ಎತ್ತುತ್ತೀರಿ. ಆಮೇಲೆ ಫೋನನ್ನು ಸೈಲೆಂಟ್‌ಗೆ ಹಾಕಿ ಬೋರಲಾಗಿ ಇಡುತ್ತೀರಿ. ಹಣ ಕೊಡಬೇಕಾದವನು ನನಗೆ ಏನು ಮಾಡುತ್ತಿದ್ದನೋ ಅದನ್ನೇ ನಾನು ಮತ್ತೊಬ್ಬರಿಗೆ ಮಾಡುತ್ತಿದ್ದೆ. ಇದು ಹೊಳೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ರಾತ್ರಿ ಮೂರಕ್ಕೆ ಎಚ್ಚರ. ಬೆಳಿಗ್ಗೆ ಕನ್ನಡಿಯಲ್ಲಿ ಯಾರೋ ಬೇರೆಯವರು. ಭಾನುವಾರ ಯಾರಾದರೂ "ಕೆಲಸ ಹೇಗೆ ನಡೀತಿದೆ ಬ್ರದರ್?" ಎಂದರೆ "ದೇವರ ದಯೆ" ಎನ್ನುವುದು. ಆ ಉತ್ತರ ಸುಳ್ಳೇನಲ್ಲ. ಆದರೆ ನಾನು ಅದನ್ನು ಬಾಗಿಲಿಗೆ ಚಿಲಕ ಹಾಕುವ ಹಾಗೆ ಬಳಸುತ್ತಿದ್ದೆ.

ನಮ್ಮ ಸಭೆಗಳಲ್ಲಿ ಕೇಳುವ ಸಾಕ್ಷಿಗಳಿಗೆ ಒಂದು ಅಚ್ಚು ಇದೆ. ನಷ್ಟವಾಯಿತು, ಪ್ರಾರ್ಥಿಸಿದೆ, ಕಾಣಿಕೆ ಕೊಟ್ಟೆ, ಇಮ್ಮಡಿಯಾಗಿ ಬಂತು. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ, ಅದು ನನಗೆ ಗೊತ್ತು. ಆದರೆ ಮೈಕ್ ಸಿಗುವುದು ಹಣ ಮರಳಿ ಬಂದವರಿಗೇ ಹೊರತು ಬಾರದವರಿಗಲ್ಲ. ಇನ್ನೂ ನಡುದಾರಿಯಲ್ಲಿರುವವನು ಎದ್ದುನಿಂತು "ನಷ್ಟವಾಗಿದೆ, ಪ್ರಾರ್ಥಿಸುತ್ತಿದ್ದೇನೆ, ಇಷ್ಟೇ" ಎಂದು ಕೂತರೆ ಯಾರೂ ಹಲ್ಲೆಲೂಯ ಎನ್ನುವುದಿಲ್ಲ. ಆ ಕಾಲದಲ್ಲಿ ನನಗೆ ಬೇಕಾಗಿದ್ದದ್ದು ಅಂಥ ಒಂದು ಸಾಕ್ಷಿ. ಸಿಕ್ಕಿದ್ದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ನೂರು ಸಲ ಓದಿ ದಾಟಿಹೋಗಿದ್ದ ಒಂದು ವಾಕ್ಯದಲ್ಲಿ.

ಲೂಕನ ಸುವಾರ್ತೆ, 5ನೇ ಅಧ್ಯಾಯ. ಎರಡು ದೋಣಿಗಳು ದಡದಲ್ಲಿ ನಿಂತಿವೆ, ಬೆಸ್ತರು ಇಳಿದು ಬಲೆಗಳನ್ನು ತೊಳೆಯುತ್ತಿದ್ದಾರೆ. ಮುಂದೆ ಬಲೆ ತುಂಬ ಮೀನು ಸಿಗುವ ಪವಾಡದ ಅವಸರದಲ್ಲಿ ಈ ವಾಕ್ಯವನ್ನು ಎಲ್ಲರೂ ಜಿಗಿದುಬಿಡುತ್ತಾರೆ. ಆ ಕಾಲದ ಬಲೆ ನಾರಗಸೆಯ ದಾರದ್ದು. ರಾತ್ರಿಯ ಕೆಲಸ ಮುಗಿದ ಮೇಲೆ ತೊಳೆದು ಒಣಗಿಸದಿದ್ದರೆ ದಾರ ಕೊಳೆಯುತ್ತಿತ್ತು. ಹಗಲಿನಲ್ಲಿ ತಿಳಿನೀರಿನಲ್ಲಿ ಮೀನಿಗೆ ದಾರ ಕಾಣುತ್ತದೆಂದೇ ಅವರು ರಾತ್ರಿ ಹೋಗುತ್ತಿದ್ದದ್ದು. ಅಂದು ರಾತ್ರಿಯೆಲ್ಲ ಪ್ರಯಾಸಪಟ್ಟರೂ ಏನೂ ಸಿಕ್ಕಿಲ್ಲ. ಆ ಬೆಸ್ತರಲ್ಲೊಬ್ಬನಾದ ಸೀಮೋನನೇ ಯೇಸುವಿಗೆ ಹಾಗೆ ಹೇಳುತ್ತಾನೆ.

ಒಂದು ಕ್ಷಣ ಅಲ್ಲಿ ನಿಲ್ಲಿ. ಮೀನು ಸಿಕ್ಕಿದ್ದರೆ ಬಲೆ ತೊಳೆಯುವುದರಲ್ಲಿ ಖುಷಿ ಇರುತ್ತದೆ, ಮಾತಿರುತ್ತದೆ, ನಗು ಇರುತ್ತದೆ. ಏನೂ ಸಿಗದ ರಾತ್ರಿಯ ಬಲೆಯಲ್ಲಿ ಇರುವುದು ಪಾಚಿ, ಮರಳು, ಕಡ್ಡಿ, ಕಲ್ಲು. ಅದನ್ನೂ ಅಷ್ಟೇ ಹೊತ್ತು ಕೂತು, ನಿದ್ದೆಗೆಟ್ಟ ಕಣ್ಣಲ್ಲಿ, ಒಂದೊಂದೇ ಕಣ್ಣಿ ಬಿಡಿಸಿ ತೊಳೆಯಬೇಕು. ಖಾಲಿ ಬಲೆ ಅಂತ ಬಲೆ ತೊಳೆಯುವ ಕೆಲಸ ಕಡಿಮೆಯಾಗುವುದಿಲ್ಲ. ಯೇಸು ಬಂದಾಗ ಅವರು ಮಾಡುತ್ತಿದ್ದದ್ದು ಇದನ್ನೇ. ಅವರು ಪ್ರಾರ್ಥಿಸುತ್ತಿರಲಿಲ್ಲ, ಹಾಡುತ್ತಿರಲಿಲ್ಲ, ನಂಬಿಕೆಯ ಘೋಷಣೆಯನ್ನೂ ಮಾಡುತ್ತಿರಲಿಲ್ಲ. ನಾಳೆಗೆ ಬಲೆ ಕೊಳೆಯಬಾರದು ಎಂದು ತೊಳೆಯುತ್ತಿದ್ದರು. ಬಲೆ ಹಾಕಿ ಎಂದು ಯೇಸು ಹೇಳಿದಾಗ ಅವರ ಕೈಯಲ್ಲಿ ಹಾಕಲು ಬರುವಂಥ ಬಲೆ ಇತ್ತು. ತೊಳೆದ ಬಲೆಯನ್ನು ಮತ್ತೆ ನೀರಿಗಿಳಿಸುವುದು ಎಂದರೆ ಇನ್ನೊಮ್ಮೆ ಎಲ್ಲ ತೊಳೆಯಬೇಕು ಎಂದರ್ಥ. ಸೀಮೋನನ "ಆದರೂ ನಿನ್ನ ಮಾತಿನ ಮೇಲೆ" ಎಂಬ ಮಾತಿನ ತೂಕ ಆ ಕೆಲಸ ಮಾಡಿದವರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಇವರು ಬಡ ಬೆಸ್ತರು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಅವರದು ಒಂದು ಪುಟ್ಟ ಉದ್ದಿಮೆ ಎಂಬುದು ಆ ಪಾಠಗಳಲ್ಲಿ ಬರುವುದಿಲ್ಲ. ಯಾಕೋಬ, ಯೋಹಾನರು ಸೀಮೋನನ ಪಾಲುದಾರರು ಎಂದು ಲೂಕನೇ ಬರೆಯುತ್ತಾನೆ. ಅವರ ತಂದೆ ಜೆಬೆದಾಯನ ದೋಣಿಯಲ್ಲಿ ಕೂಲಿಯಾಳುಗಳಿದ್ದರು ಎಂದು ಮಾರ್ಕನು ಹೇಳುತ್ತಾನೆ. ಪಾಲುದಾರರು, ದೋಣಿ, ಆಳು, ಕೂಲಿ ಎಲ್ಲ ಇದ್ದ ಮೇಲೆ ಒಂದು ಖಾಲಿ ರಾತ್ರಿಯ ನಷ್ಟ ಎಷ್ಟು ಜನರ ಮೇಲೆ ಬೀಳುತ್ತದೆ ಎಂದು ಲೆಕ್ಕ ಹಾಕಿ.

1986ರ ಜನವರಿಯಲ್ಲಿ, ಬರಗಾಲದಿಂದ ಈ ಬೆಸ್ತರು ಮೀನು ಹಿಡಿಯುತ್ತಿದ್ದ ಗಲಿಲಾಯ ಸರೋವರದ ನೀರು ತಗ್ಗಿದ್ದಾಗ, ಇಬ್ಬರು ಅಣ್ಣತಮ್ಮಂದಿರ ಕಣ್ಣಿಗೆ ಕೆಸರಿನಲ್ಲಿ ಹೂತ ಒಂದು ಹಳೆಯ ದೋಣಿ ಬಿತ್ತು. ಉದ್ದ ಸುಮಾರು 8.2 ಮೀಟರ್, ಅಗಲ 2.3 ಮೀಟರ್. ಯೇಸುವಿನ ಕಾಲದ ಆಸುಪಾಸಿನದು. ಆ ದೋಣಿ ಯಾರದೋ, ಶಿಷ್ಯರದೆಂದು ಹೇಳಲು ಯಾವ ಆಧಾರವೂ ಇಲ್ಲ. ನನಗೆ ಹಿಡಿಸಿದ್ದು ಅದರ ಮರ. ಹಲಗೆಗಳು ಹೆಚ್ಚಾಗಿ ದೇವದಾರು, ಪಕ್ಕೆಲುಬುಗಳು ಓಕ್. ಅವುಗಳ ನಡುವೆ ಬೇರೆ ಬೇರೆ ಮರದ ತುಂಡುಗಳು, ಎಲ್ಲ ಸೇರಿ ಹತ್ತು ಹನ್ನೆರಡು ಜಾತಿಯವು. ಕೆಲವು ಇನ್ನೊಂದು ದೋಣಿಯಿಂದ ಕಿತ್ತು ತಂದವು. ತೇಪೆಯ ಮೇಲೆ ತೇಪೆ. ಕೊನೆಗೆ ಇನ್ನು ಸಾಗದು ಎಂದಾದಾಗ ಕೆಲಸಕ್ಕೆ ಬರುವ ಭಾಗಗಳನ್ನು ಬಿಚ್ಚಿಕೊಂಡು ಉಳಿದದ್ದನ್ನು ನೀರಿಗೆ ಬಿಟ್ಟಿದ್ದಾರೆ. ಯಾರೋ ಒಬ್ಬ ಬಹಳ ಕಾಲ, ಕೈಗೆ ಸಿಕ್ಕ ಹಲಗೆ ಬಡಿಯುತ್ತಾ, ಒಂದು ದೋಣಿಯನ್ನು ಓಡಿಸಿದ. ಆಮೇಲೆ ಓಡಿಸುವುದನ್ನು ನಿಲ್ಲಿಸಿದ. ಎರಡನ್ನೂ ಅವನು ಸರಿಯಾದ ಹೊತ್ತಿಗೆ ಮಾಡಿದ ಎಂದೇ ನನಗೆ ತೋರುತ್ತದೆ.

ಈ ನಿಲ್ಲಿಸುವ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನಿದ್ದೆಯ ಬಗ್ಗೆ ಒಂದು ಮಾತು ಹೇಳಬೇಕು.

ಪ್ರವಾದಿ ಎಲೀಯನ ಕಥೆಯಲ್ಲಿ, ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯದಲ್ಲಿ, ಆತ ಕುಸಿಯುವುದು ಸೋತಾಗಲ್ಲ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಗೆಲುವಿನ ಬೆನ್ನಿಗೇ ಒಂದು ಬೆದರಿಕೆಯ ಸುದ್ದಿ ಬರುತ್ತದೆ. ಆತ ಓಡುತ್ತಾನೆ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೇವರು ಅಲ್ಲಿ ಉಪದೇಶ ಮಾಡುವುದಿಲ್ಲ. ನಂಬಿಕೆ ಎಲ್ಲಿ ಹೋಯಿತು ಎಂದು ಗದರುವುದಿಲ್ಲ. ದೂತನು ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತನು ಎರಡನೇ ಸಲ ಬಂದು, ಏಳು, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎನ್ನುತ್ತಾನೆ. ಕಥೆಯ ಮಾತುಕತೆ ಶುರುವಾಗುವುದು ಇದೆಲ್ಲ ಆದ ಮೇಲೆ, ನಲವತ್ತು ದಿನ ನಡೆದ ಮೇಲೆ.

ನಾನು ಆ ದಿನಗಳಲ್ಲಿ ಉಪವಾಸ ಹಿಡಿದಿದ್ದೆ, ಅದೂ ವಾರಕ್ಕೆ ಮೂರು ದಿನ. ನನ್ನ ಹೆಂಡತಿ ಒಂದು ರಾತ್ರಿ ತಟ್ಟೆ ತಂದು ಮುಂದಿಟ್ಟು, "ನೀವು ದೇವರನ್ನ ಹುಡುಕ್ತಿಲ್ಲ, ನಿಮ್ಮನ್ನ ನೀವೇ ಶಿಕ್ಷಿಸಿಕೊಳ್ತಿದ್ದೀರಿ. ಊಟ ಮಾಡಿ" ಎಂದಳು. ಉಪವಾಸವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅಂದು ಅವಳ ಮಾತು ಸರಿ. ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡಿದ ಮೇಲೆ ಸಾಲ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ಲೆಡ್ಜರ್ ತೆರೆಯುವ ಧೈರ್ಯ ಮಾತ್ರ ಬಂದಿತ್ತು.

ಹೌದು, ಲೆಡ್ಜರ್. ಹತ್ತಿರ ಹತ್ತಿರ ಅರ್ಧ ವರ್ಷ ನಾನು ಅದನ್ನು ಪೂರ್ತಿಯಾಗಿ ತೆರೆದಿರಲಿಲ್ಲ. ದಿನದ ಜಮಾ ಖರ್ಚು ಬರೆಯುತ್ತಿದ್ದೆ, ಒಟ್ಟು ಮೊತ್ತ ಕೂಡುತ್ತಿರಲಿಲ್ಲ. ಕೂಡದಿದ್ದರೆ ಅದು ಇಲ್ಲ ಎಂದು ಮನಸ್ಸಿನ ಯಾವುದೋ ಮೂಲೆ ನಂಬಿತ್ತು. ಅದಕ್ಕೆ ನಾನು ಕೊಟ್ಟುಕೊಂಡ ಹೆಸರು ವಿಶ್ವಾಸ. ದೇವರ ಮೇಲೆ ಭಾರ ಹಾಕಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದೆ. ಭಾರ ಎಷ್ಟು ಎಂದು ತೂಗಿಯೇ ನೋಡದೆ ಯಾರ ಮೇಲೂ ಹಾಕಲಾಗುವುದಿಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದವನು ಯೇಸುವೇ. ಅಲ್ಲಿ ವಿಷಯ ಶಿಷ್ಯತ್ವದ್ದು, ಗೊತ್ತು. ಆದರೂ ಉದಾಹರಣೆಗೆ ಆತ ಆರಿಸಿಕೊಂಡದ್ದು ಲೆಕ್ಕ ಗೊತ್ತಿರುವ ಮನುಷ್ಯನನ್ನು.

ಅರಸುಗಳ ಎರಡನೆಯ ಪುಸ್ತಕದ 4ನೇ ಅಧ್ಯಾಯದಲ್ಲಿ ಒಬ್ಬ ವಿಧವೆ ಇದ್ದಾಳೆ. ಗಂಡ ಸತ್ತಿದ್ದಾನೆ, ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬಂದಿದ್ದಾನೆ. ಪ್ರವಾದಿ ಎಲೀಷನು ಕೇಳುವ ಪ್ರಶ್ನೆ: ನಿನ್ನ ಮನೆಯಲ್ಲಿ ಏನಿದೆ? ಏನೂ ಇಲ್ಲ, ಒಂದು ಮೊಗೆ ಎಣ್ಣೆ ಇದೆ ಅಷ್ಟೇ ಎಂದು ಅವಳು ಹೇಳುತ್ತಾಳೆ. ಪಾತ್ರೆಗಳೆಲ್ಲ ತುಂಬಿದ ಮೇಲೆ ಪ್ರವಾದಿ ಹೇಳುವ ಮಾತಿನ ಕ್ರಮ ನೋಡಿ. ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕಿ. ಪವಾಡದಿಂದ ಬಂದ ಎಣ್ಣೆಯನ್ನೂ ಪೇಟೆಗೆ ಹೊತ್ತು ಮಾರಬೇಕಾಯಿತು. ಮೊದಲು ಸಾಲ, ಆಮೇಲೆ ಜೀವನ. ನೆರೆಹೊರೆಯಿಂದ ಪಾತ್ರೆ ಕೇಳಿ ತರುವಾಗ ಅವಳ ಪರಿಸ್ಥಿತಿ ಊರಿಗೆಲ್ಲ ಗೊತ್ತಾಗಿರಬೇಕು, ಅದನ್ನು ಕಥೆ ಹೇಳುವುದಿಲ್ಲ. ನನಗೆ ಕಷ್ಟವಾಗಿದ್ದು ಆ ಭಾಗವೇ. ಪಾತ್ರೆ ಕೇಳಲು ಹೋಗುವುದು.

ನಾನು ಮೊದಲು ಹೋದದ್ದು ಪೇಪರ್ ವ್ಯಾಪಾರಿಯ ಬಳಿ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಲೆಡ್ಜರನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದೆ. "ನಿಮ್ಮ ಫೋನ್ ಬೇಕೆಂದೇ ಎತ್ತಿಲ್ಲ, ಕ್ಷಮಿಸಿ" ಎಂದೆ. ಅವರು ಬಹಳ ಹೊತ್ತು ಪುಟಗಳನ್ನು ತಿರುವಿ, "ಹಣ ಇಲ್ಲ ಅನ್ನೋದು ನನಗೆ ಆವಾಗ್ಲೇ ಗೊತ್ತಿತ್ತು. ನೀವು ಇದ್ದೀರೋ ಇಲ್ವೋ ಅನ್ನೋದೇ ಗೊತ್ತಿರಲಿಲ್ಲ" ಎಂದರು. ಕಂತು ಮಾಡಿಕೊಟ್ಟರು. ಬಡ್ಡಿ ಬಿಡಲಿಲ್ಲ. ಅದು ನ್ಯಾಯವೇ.

ಇನ್ನೊಂದು ತಪ್ಪನ್ನೂ ಇಲ್ಲಿ ಬರೆಯದೆ ಇರಲಾಗದು. ಆ ವರ್ಷ ಎರಡು ತಿಂಗಳು ನಾನು ಸಂಬಳ ತಡ ಮಾಡಿದೆ. ಬ್ಯಾಂಕಿನ ಕಂತು ತಪ್ಪಿದರೆ ಕಾಗದ ಬರುತ್ತದೆ, ದಂಡ ಬೀಳುತ್ತದೆ. ಸಂಬಳ ತಡವಾದರೆ ಮೇಸ್ತ್ರಿ ಏನೂ ಅನ್ನುವುದಿಲ್ಲ. ಹಾಗಾಗಿ ಸುಮ್ಮನಿರುವವರ ಪಾಲನ್ನು ಗದ್ದಲ ಮಾಡುವವರಿಗೆ ಕೊಟ್ಟೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು, ಅವನು ಅದರ ಮೇಲೆ ಜೀವ ಇಟ್ಟುಕೊಂಡಿದ್ದಾನೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬನ ಪತ್ರ ಹೇಳುತ್ತದೆ. ಈ ವಚನಗಳನ್ನು ನಾನು ಯಾವಾಗಲೂ ದೊಡ್ಡ ಧಣಿಗಳ ವಿರುದ್ಧ ಓದುತ್ತಿದ್ದೆ. ಸೋಲುತ್ತಿರುವ ಚಿಕ್ಕ ಧಣಿಯ ಮೇಲೂ ಅವು ಬೀಳುತ್ತವೆ ಎಂದು ಅಂದುಕೊಂಡಿರಲಿಲ್ಲ. ಎದೆಗುಂದಿದವನ ಕಣ್ಣಿಗೆ ತನ್ನ ನೋವೇ ದೊಡ್ಡದಾಗಿ ಕಾಣುತ್ತದೆ, ಪಕ್ಕದಲ್ಲಿ ನಿಂತವನು ಮಸುಕಾಗುತ್ತಾನೆ.

ಈಗ ನಿಲ್ಲಿಸುವ ಮಾತು. ಕ್ರೈಸ್ತರಲ್ಲಿ ತಾಳ್ಮೆಗೆ ಎಷ್ಟು ಬೆಲೆ ಇದೆಯೆಂದರೆ, ಹಠವೂ ಅದರ ಅಂಗಿ ತೊಟ್ಟು ಒಳಗೆ ಬಂದು ಕೂತಿರುತ್ತದೆ. ಮನಗುಂದದೆ ಇದ್ದರೆ ತಕ್ಕ ಸಮಯದಲ್ಲಿ ಬೆಳೆ ಕೊಯ್ಯುವೆವು ಎಂದು ಆದಿ ಕ್ರೈಸ್ತ ಸಭೆಯ ನಾಯಕ ಪೌಲನು ಗಲಾತ್ಯದವರಿಗೆ ಬರೆದ ಮಾತನ್ನು ನಾನು ಗೋಡೆಗೆ ಅಂಟಿಸಿದ್ದೆ. ನಾನೇ ಅಚ್ಚು ಹಾಕಿದ್ದು, ಎರಡು ಬಣ್ಣದಲ್ಲಿ. ಆದರೆ ಆ ವಚನದ ಮೊದಲರ್ಧ ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಗೊಳ್ಳಬೇಡಿರಿ ಎಂದಿದೆ. ದೊಡ್ಡ ಮೆಷಿನ್ ಮಾರಬೇಡಿರಿ ಎಂದಿಲ್ಲ. ಅಂಗಡಿಯ ಫಲಕವನ್ನು ಇಳಿಸಬೇಡಿರಿ ಎಂದೂ ಇಲ್ಲ. ದೇವರು ನನಗೆ ಪ್ರೆಸ್ಸಿನ ಬಗ್ಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ನಾನೇ ಕೊಟ್ಟುಕೊಂಡು, ಆತನ ಸಹಿ ಹಾಕಿದ್ದೆ.

ನಮ್ಮ ಕಸುಬಿನ ಮೂಲಪುರುಷನನ್ನೇ ನೋಡಿ. ಗುಟೆನ್‌ಬರ್ಗ್ ಬೈಬಲನ್ನು ಅಚ್ಚು ಹಾಕಿ ಮುಗಿಸುವ ಹೊತ್ತಿಗೆ, 1455ರಲ್ಲಿ, ಹಣ ಹೂಡಿದ್ದ ಯೋಹಾನ್ ಫುಸ್ಟ್ ಸಾಲ, ಬಡ್ಡಿಗಾಗಿ ಮೊಕದ್ದಮೆ ಹಾಕಿದ. ಗುಟೆನ್‌ಬರ್ಗ್ ಸೋತ. ಆ ಕಾರ್ಯಾಗಾರದ ಸಾಮಗ್ರಿ ಫುಸ್ಟ್‌ನ ಪಾಲಾಯಿತು. 1457ರಲ್ಲಿ ಮೈನ್ಸ್‌ನಲ್ಲಿ ಆ ಸೊಗಸಾದ ಕೀರ್ತನೆಗಳ ಪುಸ್ತಕ ಅಚ್ಚಾದಾಗ ಕೊನೆಯಲ್ಲಿ ಇದ್ದದ್ದು ಫುಸ್ಟ್ ಮತ್ತು ಗುಟೆನ್‌ಬರ್ಗ್‌ನ ಸಹಾಯಕನಾಗಿದ್ದ ಶೋಫರ್ ಹೆಸರು. ಜಗತ್ತನ್ನೇ ಬದಲಿಸಿದ ಕೆಲಸ ವ್ಯಾಪಾರದ ಲೆಕ್ಕದಲ್ಲಿ ನಷ್ಟ. ಈ ಕಥೆ ಓದಿದಾಗಲೆಲ್ಲ ನನಗೆ ಸಮಾಧಾನವಾಗುವುದಿಲ್ಲ. ಆದರೆ ನಷ್ಟವಾದ ಕೆಲಸ ವ್ಯರ್ಥವಾದ ಕೆಲಸ ಎಂಬ ಸಮೀಕರಣ ಮಾತ್ರ ಅಲ್ಲಿಗೆ ಮುರಿದುಬೀಳುತ್ತದೆ.

ಇನ್ನೊಂದು ಪ್ರೆಸ್ಸಿನ ಕಥೆ ಹೇಳದೆ ಮುಂದೆ ಹೋಗಲಾರೆ. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದ ಮಿಷನ್ ಪ್ರೆಸ್ಸಿನ ಕಾಗದದ ಉಗ್ರಾಣಕ್ಕೆ ಬೆಂಕಿ ಬಿತ್ತು. ಕಟ್ಟಡ ಸುಟ್ಟಿತು, ಹಲವು ಭಾಷೆಗಳ ಅಚ್ಚುಮೊಳೆಗಳು ಕರಗಿ ಮುದ್ದೆಯಾದವು. ಅಲ್ಲಿನ ಮಿಷನರಿ ವಿಲಿಯಂ ಕೇರಿ ವರ್ಷಗಟ್ಟಲೆ ಕೂತು ಬರೆದ ಬಹುಭಾಷಾ ನಿಘಂಟಿನ ಹಸ್ತಪ್ರತಿ, ತೆಲುಗು ವ್ಯಾಕರಣದ ಹಸ್ತಪ್ರತಿ ಬೂದಿಯಾದವು. ಅಂದು ಕೇರಿ ಕಲ್ಕತ್ತೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಜೊತೆಗಾರ ಮಾರ್ಷ್‌ಮನ್ ಹೋಗಿ ಸುದ್ದಿ ಹೇಳಬೇಕಾಯಿತು. ಪಕ್ಕದ ಕೋಣೆಯಲ್ಲಿದ್ದ ಮುದ್ರಣ ಯಂತ್ರಗಳು ಉಳಿದವು. ಬೂದಿ ಕೆದಕಿದಾಗ ಅಚ್ಚು ಕೊರೆಯುವ ಉಕ್ಕಿನ ಪಂಚುಗಳು ಹಾಳಾಗದೆ ಸಿಕ್ಕವು. ಕರಗಿದ ಲೋಹವನ್ನೇ ಮತ್ತೆ ಎರಕ ಹೊಯ್ದರು.

ಕೇರಿ ಮೂಲತಃ ಚಮ್ಮಾರಿಕೆಯವರು. ತನಗಿರುವ ಒಂದೇ ಗುಣವೆಂದರೆ ನಿಧಾನವಾಗಿ ಕಾಲೆಳೆಯುತ್ತಾ ಮುಂದೆ ಸಾಗುವುದು, ಎಲ್ಲಕ್ಕೂ ಅದಕ್ಕೇ ಋಣಿ ಎಂದು ಅವರು ಹೇಳುತ್ತಿದ್ದರು. ಬೆಂಕಿಯಾದ ಮೇಲೆ ಬರೆದ ಮಾತು ಇನ್ನೂ ಸಾದಾ. ಒಮ್ಮೆ ನಡೆದ ದಾರಿಯಲ್ಲಿ ಎರಡನೇ ಸಲ ನಡೆಯುವುದು ಎಷ್ಟೇ ನೋವಿನದಾದರೂ ಮೊದಲಿಗಿಂತ ಸುಲಭ, ಹೆಜ್ಜೆಯೂ ಗಟ್ಟಿ ಎಂಬರ್ಥದ್ದು. ಕುಣಿದಾಡುವ ಉತ್ಸಾಹವೇನೂ ಅದರಲ್ಲಿಲ್ಲ. ಐದು ವರ್ಷಗಳ ನಂತರ, 1817ರಲ್ಲಿ, ಅದೇ ಸೆರಾಂಪುರದ ಪ್ರೆಸ್ಸಿನಿಂದ ಕೇರಿ ಬರೆದ ಕನ್ನಡ ವ್ಯಾಕರಣ ಹೊರಬಂತು. ನಮ್ಮ ಭಾಷೆಯ ಅಚ್ಚಿನ ಇತಿಹಾಸದಲ್ಲೂ ಆ ಬೂದಿಯ ಒಂದು ಚಿಟಿಕೆ ಸೇರಿದೆ.

ಆದರೆ ನ್ಯಾಯವಾಗಿ ಹೇಳಬೇಕು. ಸುದ್ದಿ ಬ್ರಿಟನ್ ತಲುಪಿದ ಮೇಲೆ ಸುಮಾರು ಎರಡು ತಿಂಗಳಲ್ಲಿ ನಷ್ಟ ತುಂಬುವಷ್ಟು ಹಣ ಅಲ್ಲಿನ ಜನ ಕೂಡಿಸಿಕೊಟ್ಟರು. ಬೆಂಕಿ ಬಿದ್ದ ಪ್ರತಿಯೊಬ್ಬರಿಗೂ ಹಾಗೆ ಸಿಗುವುದಿಲ್ಲ. ಗುಟೆನ್‌ಬರ್ಗ್‌ಗೆ ಸಿಗಲಿಲ್ಲ. ಎರಡೂ ಪ್ರೆಸ್ಸುಗಳಲ್ಲಿ ಅಚ್ಚಾಗುತ್ತಿದ್ದದ್ದು ದೇವರ ವಾಕ್ಯವೇ. ಒಂದು ಉಳಿಯಿತು, ಇನ್ನೊಂದು ಕೈತಪ್ಪಿತು. ನಂಬಿಕೆ ಹೆಚ್ಚಿದ್ದವನು ಉಳಿದ ಎಂಬ ವಿವರಣೆ ಕೊಡುವವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ.

ಪೌಲನು ಗುಡಾರ ಹೊಲಿಯುವವನು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿ ಇದ್ದುಕೊಂಡು ಅವರ ಜೊತೆ ಅದೇ ಕೆಲಸ ಮಾಡಿದ. ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದೆವು ಎಂದು ಥೆಸಲೋನಿಕದವರಿಗೆ ಬರೆಯುತ್ತಾನೆ. ನನಗೆ ಈತನ ಬರಹದಲ್ಲಿ ಹತ್ತಿರವಾದದ್ದು ವಿಜಯದ ಸಾಲುಗಳಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದಲ್ಲಿ, ನಮ್ಮ ಶಕ್ತಿಗೆ ಮೀರಿದ ಭಾರ ಬಿದ್ದು, ಬದುಕುವ ಆಸೆಯನ್ನೇ ಬಿಟ್ಟೆವು ಎಂದು ಆತ ಒಪ್ಪಿಕೊಳ್ಳುತ್ತಾನೆ. ಸಭೆಯ ನಾಯಕ, ಸಭೆಗೇ ಬರೆದ ಪತ್ರದಲ್ಲಿ. ನೀವು ತಿಳಿದಿರಬೇಕೆಂದು ಬಯಸುತ್ತೇನೆ ಎಂದೇ ಆ ಮಾತನ್ನು ಶುರು ಮಾಡುತ್ತಾನೆ. ನಾನು "ದೇವರ ದಯೆ" ಎಂದು ಚಿಲಕ ಹಾಕುತ್ತಿದ್ದ ಕಡೆ ಆತ ಬಾಗಿಲು ತೆಗೆದಿಟ್ಟಿದ್ದಾನೆ.

ಕೀರ್ತನೆಗಳಲ್ಲಿಯೂ ಅಷ್ಟೇ. 13ನೇ ಕೀರ್ತನೆ ಎಷ್ಟರವರೆಗೆ, ಎಷ್ಟರವರೆಗೆ ಎಂದು ಮತ್ತೆ ಮತ್ತೆ ಕೇಳುತ್ತದೆ, ಆದರೂ ಕೊನೆಯಲ್ಲಿ ಹಾಡುತ್ತದೆ. 88ನೆಯದು ಹಾಡುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ತಿದ್ದಲಿಲ್ಲ, ಕೊನೆಗೆ ಎರಡು ಸಾಲು ಸಮಾಧಾನ ಸೇರಿಸಲಿಲ್ಲ. ಕೆಲವು ರಾತ್ರಿ ನಾನು ಪ್ರಾರ್ಥಿಸಿದ್ದು ಆ ಕೀರ್ತನೆಯನ್ನು ಮಾತ್ರ. ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನವಿಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎನ್ನುವ ಪ್ರವಾದಿ ಹಬಕ್ಕೂಕನ ಮಾತಿಗೆ ನಾನಿನ್ನೂ ಪೂರ್ತಿ ತಲುಪಿಲ್ಲ. ಅಂಜೂರ ಚಿಗುರಲಿಲ್ಲ ಎನ್ನುವ ತನಕ ಬಂದಿದ್ದೇನೆ. ಅದೂ ಆ ವಚನದ ಭಾಗವೇ ತಾನೆ.

ದೊಡ್ಡ ಮೆಷಿನ್ ಮಾರಿದೆವು. ಅದನ್ನು ಲಾರಿಗೆ ಏರಿಸುವ ದಿನ ಮೇಸ್ತ್ರಿ ಕೊನೆಯ ಸಲ ರೋಲರ್ ತೊಳೆದರು. ಕೊಳ್ಳುವವರೇ ತೊಳೆದುಕೊಳ್ಳುತ್ತಾರೆ ಬಿಡಿ ಎಂದೆ. ಅವರು ತಲೆ ಎತ್ತಲಿಲ್ಲ. "ಕೊಳೆ ಮೆಷಿನ್ ಕೊಟ್ಟರು ಅನ್ನಿಸ್ಕೋಬಾರ್ದು ಸಾರ್" ಎಂದರು. ಬಂದ ಹಣದಲ್ಲಿ ಮೊದಲು ಸಂಬಳದ ಬಾಕಿ, ಆಮೇಲೆ ಬ್ಯಾಂಕು. ಚಿಕ್ಕ ಮೆಷಿನ್, ಕಟಿಂಗ್ ಮೆಷಿನ್, ಬೈಂಡಿಂಗ್ ಉಳಿಸಿಕೊಂಡೆವು. ಈಗ ಕಡಿಮೆ ಪ್ರತಿಗಳ ಪುಸ್ತಕ, ಹಳೆಯ ಪುಸ್ತಕಗಳ ಬೈಂಡಿಂಗ್, ಇಂಥವೇ ಜಾಸ್ತಿ. ಹೊಟ್ಟೆಗೆ ಸಾಕು, ಹೆಸರಿಗೆ ಸಾಲದು. ಉದ್ರಿ ಕೊಡುವುದಕ್ಕೆ ಒಂದು ಮಿತಿ ಹಾಕಿಕೊಂಡಿದ್ದೇವೆ, ಅದನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ, ನನ್ನ ಮೇಲೆ ಅವಳಿಗೆ ಆ ವಿಷಯದಲ್ಲಿ ಭರವಸೆ ಇಲ್ಲ.

ಲೂಕನ ಆ ಅಧ್ಯಾಯಕ್ಕೆ ಒಂದು ಕೊನೆ ಇದೆ, ನಂಬಿದರೆ ಸಂಪತ್ತು ಬರುತ್ತದೆ ಎನ್ನುವ ಸಮೃದ್ಧಿಯ ಪ್ರಸಂಗಗಳಲ್ಲಿ ಅದನ್ನು ನಾನು ಕೇಳಿಲ್ಲ. ಬಲೆ ಹರಿಯುವಷ್ಟು ಮೀನು ಸಿಕ್ಕಿತು, ಎರಡು ದೋಣಿಗಳೂ ಮುಳುಗುವಷ್ಟು ತುಂಬಿದವು. ಅವರ ಕಸುಬಿನಲ್ಲೇ ದೊಡ್ಡ ಲಾಭದ ದಿನ ಅದಾಗಿದ್ದಿರಬೇಕು. ಅದೇ ದಿನ ಅವರು ದೋಣಿಗಳನ್ನು ದಡಕ್ಕೆ ತಂದು, ಎಲ್ಲವನ್ನೂ ಬಿಟ್ಟು ಯೇಸುವಿನ ಹಿಂದೆ ಹೋದರು. ಖಾಲಿ ರಾತ್ರಿಯ ನಂತರ ಬಲೆ ತೊಳೆದವರು ತುಂಬಿದ ಬಲೆಯನ್ನು ಬಿಟ್ಟು ನಡೆದರು. ಮೀನು ಬಂದದ್ದು ವ್ಯಾಪಾರ ಉಳಿಯಲಿ ಎಂದಾಗಿರಲಿಲ್ಲ. ಹಾಗಾದರೆ ನನ್ನ ವ್ಯಾಪಾರ ಕುಗ್ಗಿದ್ದನ್ನು ಆತ ನನ್ನನ್ನು ಬಿಟ್ಟದ್ದಕ್ಕೆ ಗುರುತು ಎಂದು ನಾನೇಕೆ ಓದಬೇಕು?

ಹಣ ಕೊಡಬೇಕಾದ ಆ ಗಿರಾಕಿಗಾಗಿ ನಾವು ಈಗಲೂ ಊಟಕ್ಕೆ ಮುಂಚೆ ಪ್ರಾರ್ಥಿಸುತ್ತೇವೆ. ಮೊದಮೊದಲು ಹಣಕ್ಕಾಗಿ ಮಾತ್ರ ಪ್ರಾರ್ಥಿಸುತ್ತಿದ್ದೆ, ಈಗ ಆತನಿಗಾಗಿ, ಆಮೇಲೆ ಹಣಕ್ಕಾಗಿ. ಮಗಳು ಹಿಂದಿನ ವಾರ ಕೇಳಿದಳು, "ಅಪ್ಪಾ, ಅವರು ಕೊಟ್ಟುಬಿಟ್ಟರೆ ಆಮೇಲೂ ಪ್ರಾರ್ಥನೆ ಮಾಡ್ತೀರಾ?" ನೋಡೋಣ ಎಂದೆ. ಈ ತಿಂಗಳೂ ಬಂದಿಲ್ಲ. ಪೇಪರ್ ವ್ಯಾಪಾರಿಗೆ ಇನ್ನು ಏಳು ಕಂತು ಬಾಕಿ ಇದೆ. ನಾಳೆ ಬೆಳಿಗ್ಗೆ ಒಂದನ್ನು ಕಟ್ಟಲು ಹೋಗಬೇಕು.

ಏಳೋ ಎಂಟೋ ಎಂದು ಮತ್ತೆ ಲೆಡ್ಜರ್ ತೆಗೆದು ನೋಡಿದೆ. ನಾಳೆಯದೂ ಸೇರಿ ಎಂಟು.